ಮಗಳ ಸಂಬಳ, ಮಗನ ಸಂಬಳ



ಪಿ.ಯು.ಸಿ. ಫಲಿತಾಂಶ ಬಂದ ಮರುಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಡೆಯುವ ಮಾತುಕತೆಗೆ ಒಮ್ಮೆ ಕಿವಿಗೊಡಿ. ಮಗನ ಬಗ್ಗೆ ಮಾತು ಬಂದರೆ ಪ್ರಶ್ನೆ ಒಂದೇ: "ಈ ಕೋರ್ಸ್ ಮಾಡಿದರೆ ಸಂಬಳ ಎಷ್ಟು ಬರುತ್ತದೆ?" ಮಗಳ ಬಗ್ಗೆ ಬಂದರೆ ಪ್ರಶ್ನೆ ಬೇರೆ: "ಮನೆ, ಮಕ್ಕಳನ್ನು ನೋಡಿಕೊಂಡು ಮಾಡುವಂಥ ಕೆಲಸ ಸಿಗುತ್ತದೆಯೇ?" ಎರಡೂ ಒಳ್ಳೆಯ ಪ್ರಶ್ನೆಗಳೇ. ಆದರೆ ಎರಡನ್ನೂ ಒಬ್ಬರ ಬಗ್ಗೆಯೇ ಕೇಳುವವರು ವಿರಳ. ಮಗನಿಗೆ ಮನೆಯ ಪ್ರಶ್ನೆಯಿಲ್ಲ, ಮಗಳಿಗೆ ಸಂಬಳದ ಪ್ರಶ್ನೆಯಿಲ್ಲ. ಸಂಬಳವೂ ಚೆನ್ನಾಗಿದ್ದು, ಹೆಣ್ಣು ಗಂಡೆಂಬ ವ್ಯತ್ಯಾಸವೂ ಕಡಿಮೆಯಿರುವ ಕೆಲಸಗಳು ಇವೆಯೇ? ಇದ್ದರೆ ಅವು ಹಾಗೆ ಆದದ್ದು ಹೇಗೆ? ಈ ವಾರ ಅದನ್ನು ಸ್ವಲ್ಪ ಅಭ್ಯಾಸ ಮಾಡೋಣ.

ಪ್ರಶ್ನೆ ಎಷ್ಟು ಹಳೆಯದೆಂದು ತಿಳಿಯಲು ಪವಿತ್ರ ಬೈಬಲಿನ ಯಾಜಕಕಾಂಡದ 27ನೇ ಅಧ್ಯಾಯವನ್ನು ತೆರೆದು ನೋಡಿ. ಹರಕೆ ಹೊತ್ತ ವ್ಯಕ್ತಿಯ ಬದಲಿಗೆ ದೇವಾಲಯಕ್ಕೆ ಕೊಡಬೇಕಾದ ಹಣದ ಲೆಕ್ಕ ಅಲ್ಲಿದೆ. 20ರಿಂದ 60 ವರ್ಷದ ಗಂಡಸಿಗೆ 50 ಶೆಕೆಲ್, ಹೆಂಗಸಿಗೆ 30. ಅದು ಸಂಬಳದ ಪಟ್ಟಿಯಲ್ಲ, ಹರಕೆಯ ಪಟ್ಟಿ. ಆತ್ಮದ ಬೆಲೆಯಂತೂ ಖಂಡಿತ ಅಲ್ಲ. ಆದರೂ ಒಂದು ಸೋಜಿಗ ಹೇಳುತ್ತೇನೆ. ಅಮೆರಿಕದಲ್ಲಿ 1963ರಲ್ಲಿ ಸಮಾನ ವೇತನ ಕಾಯಿದೆ ಬಂದಾಗ, ಪೂರ್ಣಾವಧಿ ದುಡಿಯುವ ಗಂಡಸು ನೂರು ಡಾಲರ್ ಗಳಿಸಿದರೆ ಹೆಂಗಸು ಗಳಿಸುತ್ತಿದ್ದದ್ದು ಸುಮಾರು 59. ಐವತ್ತಕ್ಕೆ ಮೂವತ್ತು ಎಂದರೆ ನೂರಕ್ಕೆ ಅರವತ್ತು. ಮೂರು ಸಾವಿರ ವರ್ಷಗಳಲ್ಲಿ ಎಷ್ಟು ದೂರ ಬಂದಿದ್ದೆವು ನೋಡಿ!

ಅಂದಿನಿಂದ ಅಲ್ಲಿ ಅಂತರ ಕುಗ್ಗಿದೆ. ಈಗ ಹೆಂಗಸಿನ ಗಳಿಕೆ ನೂರಕ್ಕೆ ಎಂಬತ್ತರ ಮೇಲಿದೆ. ಆದರೆ ಎಲ್ಲ ಉದ್ಯೋಗಗಳಲ್ಲೂ ಒಂದೇ ಸಮನೆ ಅಲ್ಲ. ಇದನ್ನು ಜೀವಮಾನವಿಡೀ ಅಧ್ಯಯನ ಮಾಡಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ಲಾಡಿಯಾ ಗೋಲ್ಡಿನ್. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಯಾರೊಂದಿಗೂ ಹಂಚಿಕೊಳ್ಳದೆ ಪಡೆದ ಮೊದಲ ಮಹಿಳೆ ಇವರು. ತಮ್ಮ ಪತಿ, ಅರ್ಥಶಾಸ್ತ್ರಜ್ಞ ಲಾರೆನ್ಸ್ ಕಾಟ್ಜ್ ಅವರ ಜೊತೆ ಸೇರಿ 2016ರಲ್ಲಿ ಅವರು ಪ್ರಕಟಿಸಿದ ಒಂದು ಅಧ್ಯಯನ ನಮ್ಮ ಇಂದಿನ ಪಾಠಕ್ಕೆ ಆಧಾರ. ಅದರ ವಿಷಯ ಔಷಧಿ ಅಂಗಡಿಯ ಫಾರ್ಮಸಿಸ್ಟ್ ಕೆಲಸ. ವಕೀಲರು, ಬ್ಯಾಂಕರುಗಳು, ಕಂಪನಿಯ ದೊಡ್ಡ ಸಾಹೇಬರನ್ನೆಲ್ಲ ಬಿಟ್ಟು ಗುಳಿಗೆ ಎಣಿಸಿ ಕೊಡುವವರ ಕೆಲಸವನ್ನೇ ಅವರು ಅತ್ಯಂತ ಸಮಾನತೆಯ ವೃತ್ತಿ ಎಂದು ಕರೆದರು.

ಅಮೆರಿಕದಲ್ಲಿ ಫಾರ್ಮಸಿಸ್ಟ್ ಎಂದರೆ ಸಣ್ಣ ಸಂಬಳದ ಕೆಲಸ ಎಂದು ತಿಳಿಯಬೇಡಿ. 2023ರಲ್ಲಿ ಅವರ ಮಧ್ಯಮ ವಾರ್ಷಿಕ ವೇತನ ಸುಮಾರು 1 ಲಕ್ಷ 36 ಸಾವಿರ ಡಾಲರ್. 1970ರಲ್ಲಿ ಅಲ್ಲಿನ ಫಾರ್ಮಸಿಸ್ಟರಲ್ಲಿ ಹೆಂಗಸರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಈಗ ಅರ್ಧಕ್ಕಿಂತ ಹೆಚ್ಚು. ಆಗ ಗಂಡಸಿನ ನೂರಕ್ಕೆ ಹೆಂಗಸಿನ ಗಳಿಕೆ ಸುಮಾರು 67. ಈಗ ಸುಮಾರು 94. ಹೆಂಗಸರು ತುಂಬಿಕೊಂಡ ಕೆಲಸದ ಸಂಬಳ ಇಳಿದುಹೋಗುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇಲ್ಲಿ ಹಾಗಾಗಲಿಲ್ಲ.

ಇದು ಹೇಗಾಯಿತು? ಫಾರ್ಮಸಿ ಹೆಂಗಸರು ಬೀದಿಗಿಳಿದು ಹೋರಾಡಿದ್ದರಿಂದ ಅಲ್ಲ. ಅವರಿಗೆಂದೇ ಒಂದು ವಿಶೇಷ ಕಾಯಿದೆ ಬಂದದ್ದರಿಂದಲೂ ಅಲ್ಲ. ಕೆಲಸ ನಡೆಯುವ ರೀತಿಯೇ ಬದಲಾಯಿತು.

ಹಿಂದೆ ಔಷಧಿ ಅಂಗಡಿಗೆ ಒಬ್ಬ ಒಡೆಯನಿದ್ದ. ಮದ್ದನ್ನು ಅರೆದು, ಬೆರೆಸಿ, ಪೊಟ್ಟಣ ಕಟ್ಟುವವನು ಅವನೇ. ಯಾವ ಗಿರಾಕಿಗೆ ಯಾವ ಮದ್ದು ಒಗ್ಗುವುದಿಲ್ಲ ಎಂಬುದು ಅವನ ತಲೆಯಲ್ಲಿತ್ತು. ನಡುರಾತ್ರಿ ಬಾಗಿಲು ಬಡಿದರೂ ಏಳಬೇಕು. ಅಂಗಡಿಯ ಲಾಭ ಅವನದು. ಹೆಂಗಸು ಅಲ್ಲಿ ಇದ್ದರೆ ಸಹಾಯಕಿಯಾಗಿ, ಕೆಲವು ಗಂಟೆಗಳ ಮಟ್ಟಿಗೆ, ಅವನು ಕೊಟ್ಟಷ್ಟು ಕೂಲಿಗೆ. ಒಡೆಯನಿಗೂ ಸಹಾಯಕಿಗೂ ಇದ್ದ ಅಂತರವೇ ಗಂಡಿಗೂ ಹೆಣ್ಣಿಗೂ ಇದ್ದ ಅಂತರವಾಯಿತು.

ಆಮೇಲೆ ಮೂರು ಸಂಗತಿಗಳು ಒಟ್ಟೊಟ್ಟಿಗೆ ನಡೆದವು. ಗುಳಿಗೆಗಳು ಕಾರ್ಖಾನೆಯಿಂದಲೇ ಸಿದ್ಧವಾಗಿ, ಎಲ್ಲೆಡೆ ಒಂದೇ ರೀತಿಯಲ್ಲಿ ಬರತೊಡಗಿದವು. ಒಬ್ಬೊಬ್ಬರ ಅಂಗಡಿಗಳು ಮುಚ್ಚಿ ದೊಡ್ಡ ಸರಪಳಿ ಅಂಗಡಿಗಳೂ ಆಸ್ಪತ್ರೆಗಳೂ ಫಾರ್ಮಸಿಸ್ಟರನ್ನು ಸಂಬಳಕ್ಕೆ ಇಟ್ಟುಕೊಂಡವು. ಕಂಪ್ಯೂಟರ್ ಬಂದು, ರೋಗಿಯ ಚರಿತ್ರೆ ಒಬ್ಬನ ತಲೆಯಿಂದ ಎಲ್ಲರಿಗೂ ಕಾಣುವ ಪರದೆಗೆ ವರ್ಗವಾಯಿತು. ಪರಿಣಾಮವಾಗಿ ಒಬ್ಬ ಫಾರ್ಮಸಿಸ್ಟ್ ಮಾಡುವ ಕೆಲಸವನ್ನು ಇನ್ನೊಬ್ಬರು ಅಷ್ಟೇ ಚೆನ್ನಾಗಿ ಮುಂದುವರಿಸಬಹುದಾಯಿತು. ಬೆಳಿಗ್ಗೆ ನಿಮಗೆ ಮದ್ದು ಕೊಟ್ಟವರು ಮಧ್ಯಾಹ್ನ ಮನೆಗೆ ಹೋದರೆ ನಿಮಗೇನೂ ನಷ್ಟವಿಲ್ಲ. ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ನಮ್ಮ ಗುರುಗಳು ಊರಿನಲ್ಲಿ ಇಲ್ಲದ ಭಾನುವಾರ ಪಕ್ಕದ ಧರ್ಮಕೇಂದ್ರದ ಗುರುಗಳು ಬಂದು ಅರ್ಪಿಸುವ ಬಲಿಪೂಜೆಯೂ ಪೂಜೆಯೇ. (ಪ್ರಬೋಧನೆ ಚಿಕ್ಕದೋ ದೊಡ್ಡದೋ ಆಗಬಹುದು, ಅದು ಬೇರೆ ಮಾತು.)

ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಲ್ಲಬಹುದು ಎಂದಾದ ಕೂಡಲೇ, ಹಗಲೂ ರಾತ್ರಿ ಸಿಗುವ ಒಬ್ಬನೇ ವ್ಯಕ್ತಿಗೆ ವಿಪರೀತ ಹಣ ಕೊಡುವ ಕಾರಣ ಉಳಿಯುವುದಿಲ್ಲ. ವಾರಕ್ಕೆ 25 ಗಂಟೆ ದುಡಿಯುವವಳಿಗೂ 40 ಗಂಟೆ ದುಡಿಯುವವನಿಗೂ ಗಂಟೆಯ ದರ ಹೆಚ್ಚುಕಡಿಮೆ ಒಂದೇ ಆಯಿತು. ಕಡಿಮೆ ಹೊತ್ತು ದುಡಿದರೆ ಅಷ್ಟು ಕಡಿಮೆ ಹಣ. ಅದಕ್ಕಿಂತ ಹೆಚ್ಚಿನ ದಂಡವಿಲ್ಲ. ದ್ರಾಕ್ಷಿತೋಟದ ಯಜಮಾನ ಕೊನೆಯ ಗಂಟೆಗೆ ಬಂದವನಿಗೂ ದಿನದ ಪೂರ್ತಿ ಕೂಲಿ ಕೊಟ್ಟ ಕಥೆ ನಮಗೆ ಗೊತ್ತು. ಫಾರ್ಮಸಿ ಅಷ್ಟು ಉದಾರಿಯಲ್ಲ. ಆದರೆ ದುಡಿದ ಗಂಟೆಗೆ ಮೋಸ ಮಾಡುವುದಿಲ್ಲ.

ಒಂದು ಮನೆಯ ಲೆಕ್ಕ

ಇದು ಯಾಕೆ ಇಷ್ಟು ಮುಖ್ಯ ಎಂದು ತಿಳಿಯಲು ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಒಂದೇ ಓದು, ಒಂದೇ ಬುದ್ಧಿ. ಇಬ್ಬರಿಗೂ ಕಂಪನಿಯಲ್ಲಿ ಎರಡು ಬಗೆಯ ಕೆಲಸಗಳು ತೆರೆದಿವೆ. ಒಂದರಲ್ಲಿ ಸಂಜೆ ಆರಕ್ಕೆ ಮನೆಗೆ ಹೋಗಬಹುದು, ಸಂಬಳ 60 ಸಾವಿರ. ಇನ್ನೊಂದರಲ್ಲಿ ಯಾವಾಗ ಕರೆದರೂ ಓಡಬೇಕು. ರಾತ್ರಿ ಫೋನು, ಭಾನುವಾರ ಮೀಟಿಂಗು, ನಾಳೆ ಬೆಳಿಗ್ಗೆ ದೆಹಲಿ. ಸಂಬಳ ಒಂದು ಲಕ್ಷ. ಮಕ್ಕಳಿಲ್ಲದಿರುವಾಗ ಇಬ್ಬರೂ ಓಡಬಹುದು. ಮಗು ಹುಟ್ಟಿತು. ಜ್ವರ ಬಂದಿದೆ ಎಂದು ಶಾಲೆಯಿಂದ ಕರೆ ಬಂದಾಗ ಯಾರಾದರೂ ಒಬ್ಬರು ಹೋಗಲೇಬೇಕಲ್ಲ?

ಇಬ್ಬರೂ ಆರಕ್ಕೆ ಮನೆಗೆ ಬರುವ ಕೆಲಸ ಹಿಡಿದರೆ ಮನೆಗೆ ಬರುವುದು 1 ಲಕ್ಷ 20 ಸಾವಿರ. ಒಬ್ಬರು ಓಡುವ ಕೆಲಸ, ಇನ್ನೊಬ್ಬರು ಮನೆಗೆ ಬರುವ ಕೆಲಸ ಹಿಡಿದರೆ 1 ಲಕ್ಷ 60 ಸಾವಿರ. ಮನೆಯಲ್ಲಿ ಸಮಾನತೆ ಬೇಕೆಂದರೆ ತಿಂಗಳಿಗೆ 40 ಸಾವಿರ ಕಳೆದುಕೊಳ್ಳಬೇಕು. ಮನೆ ಸಾಲ, ಶಾಲೆಯ ಫೀಸು ಇರುವ ಯಾವ ದಂಪತಿಗಳು ಅಷ್ಟು ಹಣವನ್ನು ಬಿಡುತ್ತಾರೆ? ಹಾಗಾದರೆ ಓಡುವವರು ಯಾರು? ನಮ್ಮ ಮನೆಗಳಲ್ಲಿ ಅದನ್ನು ಚರ್ಚಿಸುವ ಪದ್ಧತಿಯೇ ಇಲ್ಲ. ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಹತ್ತು ವರ್ಷಗಳ ನಂತರ ಆತ ವಿಭಾಗದ ಮುಖ್ಯಸ್ಥ, ಆಕೆ ಅದೇ ಕುರ್ಚಿಯಲ್ಲಿ. ಯಾರೂ ಆಕೆಗೆ ಅನ್ಯಾಯ ಮಾಡಿದಂತೆ ಕಾಣುವುದಿಲ್ಲ. ಆತನಿಗೂ ಅನ್ಯಾಯವಾಗಿದೆ: ಮಗಳು ಮೊದಲ ಬಾರಿ ಸೈಕಲ್ ಹತ್ತಿದ್ದನ್ನು ಆತ ಫೋಟೋದಲ್ಲಿ ನೋಡಿದ್ದಾನೆ.

ಗೋಲ್ಡಿನ್ ಇಂಥ ಕೆಲಸವನ್ನು ದುರಾಸೆಯ ಕೆಲಸ ಎಂದು ಕರೆಯುತ್ತಾರೆ. ದುರಾಸೆ ಮನುಷ್ಯನದಲ್ಲ, ಕೆಲಸದ್ದು. ಅದಕ್ಕೆ ನಮ್ಮ ಸಮಯವೆಲ್ಲ ಬೇಕು. ಷಿಕಾಗೋ ವಿಶ್ವವಿದ್ಯಾಲಯದಲ್ಲಿ 1990ರಿಂದ 2006ರವರೆಗೆ ಎಂ.ಬಿ.ಎ. ಮುಗಿಸಿದವರನ್ನು ಅವರೂ ಸಂಗಡಿಗರೂ ಅಭ್ಯಾಸ ಮಾಡಿ 2010ರಲ್ಲಿ ಪ್ರಕಟಿಸಿದರು. ಕಾಲೇಜಿನಿಂದ ಹೊರಬರುವಾಗ ಗಂಡು ಹೆಣ್ಣಿನ ಗಳಿಕೆಯಲ್ಲಿ ಅಂತರ ಚಿಕ್ಕದು. ಒಂಬತ್ತು ವರ್ಷಗಳ ನಂತರ ಹೆಂಗಸಿನ ಸರಾಸರಿ ಗಳಿಕೆ ಗಂಡಸಿನದರಲ್ಲಿ ಐದನೇ ಮೂರು ಭಾಗದಷ್ಟಿತ್ತು. ಬುದ್ಧಿ ಕಡಿಮೆಯಾಯಿತೇ? ಇಲ್ಲ. ಮಕ್ಕಳು ಹುಟ್ಟಿದರು, ಕೆಲಸದ ಹೊತ್ತು ಕಡಿಮೆಯಾಯಿತು, ನಡುವೆ ಕೆಲವು ತಿಂಗಳ ಬಿಡುವು ಬಂತು. ಬಹುಪಾಲು ಅಂತರ ಅಲ್ಲಿಂದ ಬಂತು.

ಈಗ ಫಾರ್ಮಸಿಗೆ ಹಿಂತಿರುಗಿ ನೋಡಿ. ಅಲ್ಲಿ ಆ 40 ಸಾವಿರದ ಆಮಿಷವೇ ಇಲ್ಲವಾದ್ದರಿಂದ ಗಂಡ ಹೆಂಡತಿ ಇಬ್ಬರೂ ಮಕ್ಕಳನ್ನು ಸಮನಾಗಿ ನೋಡಿಕೊಂಡರೂ ಮನೆಗೆ ನಷ್ಟವಿಲ್ಲ. ತಂತ್ರಜ್ಞಾನ ಮತ್ತು ವಿಜ್ಞಾನದ ಹಲವು ಕೆಲಸಗಳಲ್ಲೂ ಅಂತರ ಕಡಿಮೆ, ವ್ಯಾಪಾರ, ಹಣಕಾಸು, ವಕೀಲಿ ವೃತ್ತಿಗಳಲ್ಲಿ ಹೆಚ್ಚು ಎಂದು 2014ರಲ್ಲಿ ಪ್ರಕಟವಾದ ಅವರ ಇನ್ನೊಂದು ಬರಹ ತೋರಿಸಿತ್ತು. ಕಾರಣ ಇದೇ: ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡು ಮುಂದುವರಿಸಬಹುದೇ, ಇಲ್ಲವೇ?

ಫಾರ್ಮಸಿಯೂ ಸ್ವರ್ಗವಲ್ಲ. ಸ್ವಂತ ಅಂಗಡಿಯ ಸ್ವಾತಂತ್ರ್ಯ ಹೋಯಿತು. ಸಿಬ್ಬಂದಿ ಸಾಲದೆ ಕೆಲಸದ ಹೊರೆ ಮಿತಿಮೀರಿತು ಎಂದು 2023ರಲ್ಲಿ ಅಮೆರಿಕದ ದೊಡ್ಡ ಸರಪಳಿ ಅಂಗಡಿಗಳ ಫಾರ್ಮಸಿಸ್ಟರು ಅಲ್ಲಲ್ಲಿ ಕೆಲಸ ಬಿಟ್ಟು ಹೊರನಡೆದರು. ಸಮಾನವಾಗಿ ದಣಿಯುವುದು ಸಮಾನತೆಯ ಗುರಿಯಲ್ಲವಷ್ಟೆ.

ಹೆಂಗಸರು ಹೆಚ್ಚು ಇರುವ ಕೆಲಸದಲ್ಲಿ ಅಂತರ ತಾನಾಗಿಯೇ ಕಡಿಮೆ ಎಂದೂ ತಿಳಿಯಬಾರದು. ಶುಶ್ರೂಷೆಯ ವೃತ್ತಿ ನಮ್ಮ ಮನೆಗಳಿಗೆ ಬಹಳ ಹತ್ತಿರದ್ದು. ನರ್ಸ್ ಇಲ್ಲದ ಕುಟುಂಬ ನಮ್ಮ ಧರ್ಮಕೇಂದ್ರಗಳಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಅಮೆರಿಕದ ನರ್ಸುಗಳ ಬಗ್ಗೆ 2015ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನದ ಪ್ರಕಾರ, ಅನುಭವ, ವಿಭಾಗ, ಹುದ್ದೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಗಂಡು ನರ್ಸುಗಳು ವರ್ಷಕ್ಕೆ ಸುಮಾರು 5,100 ಡಾಲರ್ ಹೆಚ್ಚು ಗಳಿಸುತ್ತಿದ್ದರು. ನೂರರಲ್ಲಿ ತೊಂಬತ್ತು ಹೆಂಗಸರೇ ಇರುವ ವೃತ್ತಿಯಲ್ಲಿ! ಹಾಗಾಗಿ ತಲೆ ಎಣಿಸಿದರೆ ಸಾಲದು, ವೇತನ ನಿಗದಿಯಾಗುವ ಬಗೆಯನ್ನೇ ನೋಡಬೇಕು.

ನಮ್ಮ ನಾಡಿನಲ್ಲಿ

ನಮ್ಮ ಸಂವಿಧಾನದ 39ನೇ ವಿಧಿ ಗಂಡು ಹೆಣ್ಣಿಗೆ ಸಮಾನ ಕೆಲಸಕ್ಕೆ ಸಮಾನ ವೇತನವಿರಬೇಕೆಂದು ರಾಜ್ಯಕ್ಕೆ ನಿರ್ದೇಶಿಸುತ್ತದೆ. ಅದಕ್ಕೆ ಕಾಯಿದೆಯ ಬಲ ಬಂದದ್ದು ಅಂತಾರಾಷ್ಟ್ರೀಯ ಮಹಿಳಾ ವರ್ಷವಾದ 1975ರಲ್ಲಿ ಸುಗ್ರೀವಾಜ್ಞೆಯಾಗಿ, 1976ರಲ್ಲಿ ಸಮಾನ ವೇತನ ಅಧಿನಿಯಮವಾಗಿ. ಈಗ ಅದರ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ. ಅದು 2025ರ ನವೆಂಬರ್ 21ರಂದು ಜಾರಿಗೆ ಬಂತು.

ಕಾಯಿದೆಗೆ ಹಲ್ಲು ಬಂದದ್ದು ಒಬ್ಬ ಸ್ಟೆನೋಗ್ರಾಫರಳಿಂದ. ಮುಂಬೈಯ ಹಡಗು ವ್ಯವಹಾರದ ಕಂಪನಿಯೊಂದರಲ್ಲಿ ಹಿರಿಯ ಅಧಿಕಾರಿಗಳ ಗೋಪ್ಯ ಕಾಗದಪತ್ರಗಳನ್ನು ಬರೆಯುತ್ತಿದ್ದವರು ಮಹಿಳಾ ಸ್ಟೆನೋಗ್ರಾಫರರು. ಸಾಮಾನ್ಯ ವಿಭಾಗದಲ್ಲಿದ್ದ ಗಂಡು ಸ್ಟೆನೋಗ್ರಾಫರರಿಗೆ ಅವರಿಗಿಂತ ಹೆಚ್ಚು ಸಂಬಳ. 1977ರಲ್ಲಿ ಕೆಲಸ ಕಳೆದುಕೊಂಡ ಆಡ್ರಿ ಡಿಕೋಸ್ಟಾ ತಮಗೆ ಬರಬೇಕಾಗಿದ್ದ ವ್ಯತ್ಯಾಸದ ಹಣ ಕೇಳಿದರು. ಕೆಲಸ ಬೇರೆ ಬಗೆಯದು, ಕಾರ್ಮಿಕ ಸಂಘದೊಂದಿಗೆ ಒಪ್ಪಂದ ಆಗಿಹೋಗಿದೆ, ಕೊಡಲು ನಮಗೆ ಹಣದ ಶಕ್ತಿಯಿಲ್ಲ ಎಂದೆಲ್ಲ ಕಂಪನಿ ವಾದಿಸಿತು. 1987ರ ಮಾರ್ಚ್ 26ರಂದು ಸರ್ವೋಚ್ಚ ನ್ಯಾಯಾಲಯ ಆಕೆಯ ಪರ ತೀರ್ಪಿತ್ತಿತು. ಮಾಲೀಕನಿಗೆ ಕೊಡುವ ಶಕ್ತಿ ಇದೆಯೋ ಇಲ್ಲವೋ ಎಂಬುದರ ಮೇಲೆ ಸಮಾನ ವೇತನದ ಹಕ್ಕು ನಿಂತಿಲ್ಲ ಎಂಬುದು ಅದರ ಸಾರ. ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ, 1989ರಲ್ಲಿ ಅವರು ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ಹತ್ತು ವರ್ಷ ಬಿಡದೆ ಹೋರಾಡಿದ ಒಬ್ಬ ಟೈಪಿಸ್ಟ್ ಹೆಣ್ಣುಮಗಳ ಹೆಸರು ಇಂದು ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಹೆಸರಾಗಿದೆ.

ನಮ್ಮಲ್ಲಿ ಫಾರ್ಮಸಿಗೆ ಸಮನಾದದ್ದು ಯಾವುದು? ಸರ್ಕಾರಿ ಶಾಲೆ, ಅಂಚೆ ಕಚೇರಿ, ರಾಷ್ಟ್ರೀಕೃತ ಬ್ಯಾಂಕು. ಇಲ್ಲಿ ವೇತನಶ್ರೇಣಿ ಅಚ್ಚಾಗಿ ಗೋಡೆಯ ಮೇಲಿದೆ ಎನ್ನಬಹುದು. ಯಾರೂ ಸಾಹೇಬರ ಮುಂದೆ ಕುಳಿತು ಚೌಕಾಸಿ ಮಾಡಬೇಕಾಗಿಲ್ಲ. ಒಂದೇ ದರ್ಜೆ, ಒಂದೇ ಸೇವಾವಧಿ ಇದ್ದರೆ ಮೂಲವೇತನ ಒಂದೇ. ಬ್ಯಾಂಕುಗಳ ತವರಾದ ನಮ್ಮ ಕರಾವಳಿಯಲ್ಲಿ ಹೆಣ್ಣುಮಕ್ಕಳನ್ನು ಬ್ಯಾಂಕ್ ಪರೀಕ್ಷೆಗೆ ಕೂರಿಸಿದ ತಂದೆತಾಯಿಗಳು ಅರ್ಥಶಾಸ್ತ್ರ ಓದದೆಯೇ ಇದನ್ನು ಅರಿತಿದ್ದರು.

ಆದರೆ ಬ್ಯಾಂಕಿನಲ್ಲೂ ದುರಾಸೆಯ ಕೆಲಸ ಇನ್ನೊಂದು ವೇಷದಲ್ಲಿದೆ. ಅದರ ಹೆಸರು ವರ್ಗಾವಣೆ. ಬಡ್ತಿ ಬೇಕೆಂದರೆ ದೂರದ ರಾಜ್ಯಕ್ಕೆ ಹೋಗಬೇಕು. ಮಗಳ ಎಸ್.ಎಸ್.ಎಲ್.ಸಿ., ಅತ್ತೆಯ ಕಾಯಿಲೆ, ಗಂಡನ ಉದ್ಯೋಗ ಎಂದು ಬಡ್ತಿಯ ಪರೀಕ್ಷೆಗೇ ಕೂರದ ಎಷ್ಟೋ ಅಧಿಕಾರಿಣಿಯರು ನಮ್ಮ ನಡುವೆ ಇದ್ದಾರೆ. ಶ್ರೇಣಿ ಸಮಾನ, ಏಣಿ ಸಮಾನವಲ್ಲ. 2013ರಿಂದ 2017ರವರೆಗೆ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಅಧ್ಯಕ್ಷರಾಗಿದ್ದ, ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅರುಂಧತಿ ಭಟ್ಟಾಚಾರ್ಯ ಅವರ ಕಾಲದಲ್ಲಿ, ಮಕ್ಕಳನ್ನೋ ಹಿರಿಯರನ್ನೋ ನೋಡಿಕೊಳ್ಳಲು ಮಹಿಳಾ ಉದ್ಯೋಗಿಗಳು ಎರಡು ವರ್ಷದವರೆಗೆ ಬಿಡುವು ಪಡೆದು ಮತ್ತೆ ಕೆಲಸಕ್ಕೆ ಬರುವ ಸೌಲಭ್ಯ ಆ ಬ್ಯಾಂಕಿನಲ್ಲಿತ್ತು. 2017ರಿಂದ ಹೆರಿಗೆ ರಜೆಯೂ 26 ವಾರಗಳಿಗೆ ಏರಿದೆ. ಇವೆಲ್ಲ ಒಳ್ಳೆಯದೇ. ಒಂದು ಅನುಮಾನ ಮಾತ್ರ ನನಗೆ ಉಳಿದಿದೆ: ಮಗುವಿನ ಬಿಡುವು ತಾಯಿಗೆ ಮಾತ್ರ ಸಿಗುವವರೆಗೆ ಮಗುವಿನ ಖರ್ಚೂ ತಾಯಿಯ ಬಡ್ತಿಯಿಂದಲೇ ಮುರಿಯುತ್ತದೆ.

ಕ್ರಿಕೆಟ್ ಪ್ರಿಯರಿಗೆ ಒಂದು ಮಾತು. 2022ರ ಅಕ್ಟೋಬರಿನಲ್ಲಿ ಭಾರತದ ಕ್ರಿಕೆಟ್ ಮಂಡಳಿ ಆಟಗಾರ್ತಿಯರಿಗೂ ಪುರುಷರಷ್ಟೇ ಪಂದ್ಯ ಶುಲ್ಕ ಘೋಷಿಸಿತು: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ದರ ಸಮಾನವಾಯಿತು. ಆದರೆ ಆ ವರ್ಷ ಅತ್ಯುನ್ನತ ದರ್ಜೆಯ ವಾರ್ಷಿಕ ಒಪ್ಪಂದ ಪುರುಷರಿಗೆ 7 ಕೋಟಿ, ಮಹಿಳೆಯರಿಗೆ 50 ಲಕ್ಷ; ಮಹಿಳೆಯರು ಆಡುವ ಟೆಸ್ಟುಗಳೋ ಬೆರಳೆಣಿಕೆಯಷ್ಟು. ಪತ್ರಿಕೆಯ ತಲೆಬರಹ ಓದಿ ಸಂತೋಷಪಡಿ, ಲೆಕ್ಕವನ್ನೂ ಓದಿ.

ಧರ್ಮಸಭೆ ಏನನ್ನುತ್ತದೆ?

ಪ್ರಾಮಾಣಿಕವಾಗಿ ಹೇಳುವುದಾದರೆ, ಧರ್ಮಸಭೆಯ ಮಾತೂ ಒಂದೇ ದಿನದಲ್ಲಿ ಇಲ್ಲಿಗೆ ಬಂದದ್ದಲ್ಲ. 1891ರಲ್ಲಿ ಜಗದ್ಗುರು 13ನೆಯ ಲಿಯೋ ಅವರು ಹೊರಡಿಸಿದ ಪ್ರಸಿದ್ಧ ಪತ್ರ ಕಾರ್ಮಿಕನ ನ್ಯಾಯವಾದ ಕೂಲಿಯ ಪರವಾಗಿ ಗಟ್ಟಿಯಾಗಿ ನಿಂತಿತು. ಹೆಣ್ಣಾದರೋ ಸ್ವಭಾವತಃ ಮನೆಗೆಲಸಕ್ಕೆ ಒಗ್ಗಿದವಳು ಎಂದೂ ಅದೇ ಪತ್ರದಲ್ಲಿತ್ತು. ಸಂಸಾರ ನಡೆಸಲು ಸಾಲುವ ಕೂಲಿ ಎಂಬ ಒಳ್ಳೆಯ ತತ್ವವನ್ನು ಹಿಡಿದು, ಗಂಡಸಿಗೆ ಸಂಸಾರವಿದೆ, ಆದ್ದರಿಂದ ಅವನಿಗೆ ಹೆಚ್ಚು ಎಂದು ವಾದಿಸಿದವರು ಬಹಳ. ವಿಧವೆಗೂ ಸಂಸಾರವಿದೆ ಎಂಬುದನ್ನು ಅವರು ಮರೆತರು.

ಜಗದ್ಗುರು ಎರಡನೆಯ ಜಾನ್ ಪೌಲರು 1981ರಲ್ಲಿ ದುಡಿಮೆಯನ್ನು ಕುರಿತು ಬರೆದ ಪತ್ರದ 19ನೇ ಭಾಗದಲ್ಲಿ ಒಂದು ಹೊಸ ಹೊಳಹಿದೆ. ಹೆಣ್ಣು ಮುಂದೆ ಬರಬೇಕಾದರೆ ತನ್ನದೇ ಆದುದನ್ನು ಬಿಟ್ಟುಕೊಟ್ಟು, ಮನೆಗೆ ನಷ್ಟಮಾಡಿಕೊಂಡು ಬರುವಂತಾಗಬಾರದು. ದುಡಿಮೆಯ ವ್ಯವಸ್ಥೆಯೇ ಅದಕ್ಕೆ ತಕ್ಕಂತೆ ರೂಪುಗೊಳ್ಳಬೇಕು ಎಂಬುದು ಅಲ್ಲಿನ ಭಾವ. ಹೆಣ್ಣು ಬದಲಾಗಲಿ ಎನ್ನಲಿಲ್ಲ, ಕೆಲಸ ಬದಲಾಗಲಿ ಎಂದರು. ಮೂವತ್ತೈದು ವರ್ಷಗಳ ನಂತರ ಫಾರ್ಮಸಿಯ ಅಂಕಿಅಂಶ ಹಿಡಿದು ಅರ್ಥಶಾಸ್ತ್ರಜ್ಞೆಯೊಬ್ಬರು ಇನ್ನೊಂದು ದಾರಿಯಿಂದ ಬಂದು ನಿಂತದ್ದು ಇದೇ ಜಾಗದಲ್ಲಿ. 1995ರ ಜೂನ್ 29ರಂದು ಅದೇ ಜಗದ್ಗುರುಗಳು ಜಗತ್ತಿನ ಮಹಿಳೆಯರಿಗೆ ಬರೆದ ಪತ್ರದಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನ, ದುಡಿಯುವ ತಾಯಂದಿರಿಗೆ ರಕ್ಷಣೆ, ಬಡ್ತಿಯಲ್ಲಿ ನ್ಯಾಯ ಇವನ್ನು ಹೆಸರಿಸಿಯೇ ಕೇಳಿದರು. ಜಗದ್ಗುರು ಫ್ರಾನ್ಸಿಸರು 2015ರ ಏಪ್ರಿಲ್ 29ರ ಸಾರ್ವಜನಿಕ ಸಂದರ್ಶನದಲ್ಲಿ, ಹೆಣ್ಣಿಗೆ ಕಡಿಮೆ ಕೊಡುವುದು ಹಗರಣವೇ ಸರಿ ಎಂಬರ್ಥದ ಕಟುಮಾತನ್ನು ಆಡಿದರು.

ಇಷ್ಟು ಓದಿದ ಮೇಲೆ ನಮ್ಮ ಅಡಿಕೆ ತೋಟ, ಕಾಫಿ ತೋಟ, ಗದ್ದೆಗಳ ಕಡೆ ಕಣ್ಣು ಹೋಗದಿದ್ದರೆ ಹೇಗೆ? ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು ಎಂದು ಎರಡು ದರ ಹೇಳುವುದು ನಮಗೆ ಎಷ್ಟು ಸಹಜವಾಗಿದೆ ಎಂದರೆ ಅದು ಅನ್ಯಾಯ ಎಂದು ಹೊಳೆಯುವುದೂ ಇಲ್ಲ. ಮರ ಹತ್ತುವ ಕೆಲಸಕ್ಕೆ ಬೇರೆ ಕೂಲಿ ಇರಲಿ, ಅದು ಬೇರೆ ಕೆಲಸ. ಆದರೆ ಒಂದೇ ಸಾಲಿನಲ್ಲಿ ಬಗ್ಗಿ ಒಂದೇ ಕಳೆ ಕೀಳುವ ಇಬ್ಬರಿಗೆ? ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಅಂಗಳ ಗುಡಿಸಲು, ಚಪ್ಪರ ಹಾಕಲು ಕರೆದವರ ಲೆಕ್ಕದ ಪುಸ್ತಕವನ್ನೂ ಒಮ್ಮೆ ತೆರೆದು ನೋಡಬಹುದು.

ಇನ್ನು ಆ ಪಿ.ಯು.ಸಿ. ಹುಡುಗಿಯ ಮಾತು. ಆಕೆ ಯಾವ ಕೋರ್ಸ್ ಆರಿಸಿದರೂ, ಕೆಲಸದ ಸಂದರ್ಶನಕ್ಕೆ ಹೋಗುವ ಮುನ್ನ ಮೂರು ವಿಷಯ ವಿಚಾರಿಸಲು ಹೇಳಿಕೊಡಿ. ಸಂಬಳ ಅಚ್ಚಾದ ಶ್ರೇಣಿಯ ಮೇಲೆ ಸಿಗುತ್ತದೆಯೇ, ಸಾಹೇಬರ ಮನಸ್ಸಿನ ಮೇಲೆಯೇ? ತಾನು ರಜೆಯಲ್ಲಿದ್ದರೆ ತನ್ನ ಕೆಲಸ ಇನ್ನೊಬ್ಬರು ನೋಡಿಕೊಳ್ಳುತ್ತಾರೆಯೇ, ಇಲ್ಲ ಮೇಜಿನ ಮೇಲೆ ಕಾದಿರುತ್ತದೆಯೇ? ಬಡ್ತಿಗೆ ಏನು ಬೆಲೆ ತೆರಬೇಕು? ಮಗನಿಗೂ ಇವನ್ನೇ ಹೇಳಿಕೊಡಿ.

ವಿವಾಹ ಸಿದ್ಧತಾ ಶಿಬಿರ ನಡೆಸುವವರಲ್ಲಿ ನನ್ನದೊಂದು ಬಿನ್ನಹವಿದೆ. ಪ್ರಾರ್ಥನೆ, ಆರೋಗ್ಯ, ಅತ್ತೆಮಾವ, ಉಳಿತಾಯ ಎಲ್ಲವನ್ನೂ ಕೇಳುತ್ತೀರಿ. ಮುಂದಿನ ಬಾರಿ ಜೋಡಿಗಳನ್ನು ಎದುರುಬದುರು ಕೂರಿಸಿ, ಒಂದೊಂದು ಚೀಟಿ ಕೊಟ್ಟು, ಒಬ್ಬರದನ್ನು ಒಬ್ಬರು ನೋಡದಂತೆ ಇದನ್ನೂ ಬರೆಸಿ: ಮಗುವಿಗೆ ಜ್ವರ, ಶಾಲೆಯಿಂದ ಫೋನು ಬಂದಿದೆ, ಇಬ್ಬರಿಗೂ ಅಂದು ಮುಖ್ಯ ಕೆಲಸವಿದೆ. ಯಾರು ಹೋಗುತ್ತೀರಿ? ಆಮೇಲೆ ಚೀಟಿಗಳನ್ನು ಬಿಡಿಸಿ ಗಟ್ಟಿಯಾಗಿ ಓದಲು ಹೇಳಿ.